ಕವಲು ಎಲ್ಲಿ ಕೂತಿದೆ ಎಂಬುದು

ಪಾಲಿಥೀನಿನ ಚೂರೊಂದನ್ನು ಎರಡು ಗಾಜುಗಳ ನಡುವೆ ಕರಗಿಸಿ, ನಿಧಾನ ಆರಲು ಬಿಟ್ಟು, ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಕೂರುವ ಸುಖವೇ ಬೇರೆ. ಪುಣೆಯ ಪಾಷಾಣ್‌ನಲ್ಲಿರುವ, ಮಾಶೇಲ್ಕರ್, ಶಿವರಾಂ ಅಂಥವರು ಪಾಲಿಮರ್ ಸಂಶೋಧನೆಯನ್ನು ಬೆಳೆಸಿದ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಂಥ ಕಡೆ ಇದು ದಿನನಿತ್ಯದ ಕೆಲಸ. ಆದರೂ ಹಳತಾಗುವ ನೋಟವಲ್ಲ. ಕತ್ತಲಲ್ಲಿ ಬೆಳಕಿನ ಚುಕ್ಕಿಗಳು ಹುಟ್ಟುತ್ತವೆ, ದುಂಡಗೆ ಹಿಗ್ಗುತ್ತವೆ, ಒಂದಕ್ಕೊಂದು ತಾಗಿದಲ್ಲಿ ಗಡಿ ಹಾಕಿಕೊಂಡು ನಿಲ್ಲುತ್ತವೆ. ಒಂದೊಂದರ ಮೈಮೇಲೂ ಕಪ್ಪು ಶಿಲುಬೆ. ಕಾರ್ಬನ್ ಸರಪಳಿಗೆ ಪಕ್ಕದ ಕವಲಿಲ್ಲದ ಪಾಲಿಥೀನಿನಲ್ಲಿ ಈ ಸ್ಫಟಿಕದ ಗುಚ್ಛಗಳು ಪ್ರಖರ. ಕವಲು ಹೆಚ್ಚಿದಂತೆ ಸಣ್ಣಗಾಗಿ ಮಸುಕಾಗುತ್ತವೆ.

ಇಷ್ಟು ಕಂಡವರು ಕವಲೆಂದರೆ ಸ್ಫಟಿಕದ ಶತ್ರು, ಎಣಿಸಿದರೆ ಲೆಕ್ಕ ಮುಗಿಯಿತು ಎನ್ನುತ್ತಾರೆ. ನನ್ನ ವಾದ ಬೇರೆ: ಕವಲು ಎಷ್ಟು ಎಂಬುದಕ್ಕಿಂತ ಎಲ್ಲಿ ಎಂಬುದು ದೊಡ್ಡದು. ಪಾಲಿಥೀನಿನ ಸರಪಳಿ ಸೀರೆಯ ನಿರಿಗೆಯಂತೆ ಮಡಿಚಿಕೊಂಡು ಹಾಳೆಯಾಗುತ್ತದೆಂದು ಆಂಡ್ರ್ಯೂ ಕೆಲ್ಲರ್ 1957ರಲ್ಲಿ ತೋರಿಸಿದರು. ಹಾಳೆಯ ದಪ್ಪ ಹತ್ತಿಪ್ಪತ್ತು ನ್ಯಾನೋಮೀಟರ್. ಒಂದೇ ಕಾರ್ಬನ್ನಿನ ಕವಲಾದರೆ ಸ್ಫಟಿಕದ ಜಾಲವನ್ನು ಕೊಂಚ ಹಿಗ್ಗಿಸಿ ಒಳಗೆ ನುಸುಳಬಲ್ಲದು; ಅದಕ್ಕಿಂತ ಉದ್ದದವು ಬಹುಪಾಲು ಹೊರಗೇ ಉಳಿಯುತ್ತವೆ. ಹಾಗಾಗಿ ಅಂಥ ಎರಡು ಕವಲುಗಳ ನಡುವಿನ ನೇರ ತುಂಡು ಎಷ್ಟುದ್ದವೋ ಹಾಳೆ ಅದಕ್ಕಿಂತ ಹೆಚ್ಚು ದಪ್ಪವಾಗಲಾರದು. ಹಾಳೆ ತೆಳುವಾದಷ್ಟೂ ಬೇಗ ಕರಗುತ್ತದೆ. ಕವಲು ತುಂಬಿದ ಹಗುರ ಪಾಲಿಥೀನ್ 105ರಿಂದ 115 ಡಿಗ್ರಿಗೆ, ನೇರ ಸರಪಳಿಯದು 130ರ ಮೇಲೆ ಕರಗುವುದು ಇದರಿಂದಲೇ.

ಕರಗುವ ಬಿಂದು ಆರಿಸುವ ವೇಗವನ್ನೂ ಅವಲಂಬಿಸುತ್ತದಲ್ಲ ಎಂದು ಕೇಳಬಹುದು. ನಿಜ, ನೇರ ಸರಪಳಿಯನ್ನು ಥಟ್ಟನೆ ತಣಿಸಿದರೂ ಸ್ಫಟಿಕ ಕುಗ್ಗುತ್ತದೆ. ಆದರೆ ಕವಲಿನದನ್ನು ಎಷ್ಟೇ ಸಾವಧಾನವಾಗಿ ಆರಿಸಿದರೂ ಅದು ನೇರ ಸರಪಳಿಯ ಮಟ್ಟ ಮುಟ್ಟದು. ವೇಗ ಹೇಳುವುದು ಮಿತಿಯೊಳಗಿನ ಮಾತು. ಮಿತಿಯನ್ನು ಹಾಕುವುದು ಕವಲು.

ಇನ್ನೂ ಗಟ್ಟಿ ಪುರಾವೆ ಫ್ಲಾರಿಡಾದ ಕೆನೆತ್ ವ್ಯಾಗನರ್ ಗುಂಪಿನದು. ಅವರು ಪ್ರತಿ 21ನೇ ಕಾರ್ಬನ್ನಿಗೆ ಒಂದೊಂದು ಮೀಥೈಲ್, ಅಂದರೆ ಒಂದೇ ಕಾರ್ಬನ್ನಿನ ಕವಲು, ಕೂರಿಸಿದರು. ಆ ಪಾಲಿಮರ್ ಸುಮಾರು 62 ಡಿಗ್ರಿಗೆ, ಅದೂ ಒಮ್ಮೆಲೇ ಕರಗುತ್ತದೆ. ಅಷ್ಟೇ ಕವಲುಗಳನ್ನು ಅಡ್ಡಾದಿಡ್ಡಿ ಚೆಲ್ಲಿದರೆ ಅಲ್ಲಲ್ಲಿ ಉದ್ದನೆಯ ಬೋಳು ತುಂಡುಗಳು ಉಳಿಯುತ್ತವೆ, ಅವು ದಪ್ಪ ಹಾಳೆ ಕಟ್ಟುತ್ತವೆ, ಕರಗುವಿಕೆ ಮೇಲಕ್ಕೆ ಹರಡಿಕೊಳ್ಳುತ್ತದೆ. ಹಾಲಿನ ಪ್ಯಾಕೆಟ್ಟಿಗೆ ಬಳಸುವ ನೇರಸರಪಳಿ ಹಗುರ ಪಾಲಿಥೀನಿನ (ಹೆಸರು ಹಾಗಿದ್ದರೂ ಇದರಲ್ಲೂ ಕವಲುಗಳಿವೆ) ಗುಣವೂ ಇಂಥದೇ: ಅದನ್ನು ತಯಾರಿಸುವ ಜೀಗ್ಲರ್ ವೇಗವರ್ಧಕ ಕವಲುಗಳನ್ನು ಕೆಲವು ಸರಪಳಿಗಳಲ್ಲಿ ಗುಂಪುಗೂಡಿಸಿ, ಕೆಲವನ್ನು ಬೋಳಾಗಿಯೇ ಬಿಡುತ್ತದೆ. ಮೃದುವಾದ ಆ ಪ್ಯಾಕೆಟ್ಟು 120ರ ಆಸುಪಾಸಿನವರೆಗೂ ಕರಗದೆ ನಿಲ್ಲುವುದು ಆ ಬೋಳು ಸರಪಳಿಗಳ ಬಲದಿಂದ.