ಹೋಗುವುದಿಲ್ಲ, ಕಡಿಮೆಯಾಗುತ್ತದೆ

ಮೊಡವೆ ಹೋದರೂ ಗುಂಡಿಗಳು ಉಳಿದವು. ಕಾಂದಿವಲಿಯಲ್ಲಿ ಬೆಳೆದ, ಕುಂದಾಪುರ ಕಡೆಯ ಆ ಹುಡುಗಿಗೆ ಈಗ 27. ಮನೆಯಲ್ಲಿ ಅದಕ್ಕೆ ‘ಕಲೆ’ ಎನ್ನುತ್ತಾರೆ, ಲೋಕಲ್ ರೈಲಿನ ಗೆಳತಿಯರು ‘ಡಾಗ್’ ಎನ್ನುತ್ತಾರೆ. ಮರಾಠಿಯಲ್ಲಿ ‘ವಣ’ ಎಂಬ ಮಾತೂ ಇದೆ. ಸಂಸ್ಕೃತದ ‘ವ್ರಣ’ದಿಂದ ಬಂದದ್ದು. ಕನ್ನಡದಲ್ಲಿ ವ್ರಣವೆಂದರೆ ಮಾಯದ ಹುಣ್ಣು. ಮರಾಠಿಯ ವಣ, ಗಾಯ ವಾಸಿಯಾದ ಮೇಲೆ ಉಳಿಯುವ ಗುರುತು. ಹೆಣ್ಣು ನೋಡಲು ಬಂದವರ ಕಣ್ಣು ಕೆನ್ನೆಯ ಮೇಲೆ ನಿಂತಾಗಲೆಲ್ಲ ಅವಳಿಗೆ ಕನ್ನಡದ ಅರ್ಥವೇ ಸರಿ ಅನ್ನಿಸುತ್ತಿತ್ತು.

ಮೊದಲು ಹೋದ ಕ್ಲಿನಿಕ್ಕಿನಲ್ಲಿ ಆರು ಸಲದ ಲೇಸರ್ ಪ್ಯಾಕೇಜು ಹೇಳಿದರು. ಹಣ ಕಂತಿನಲ್ಲಿ ಕಟ್ಟಬಹುದು, ಕಲೆ ‘ಪೂರ್ತಿ’ ಹೋಗುತ್ತದೆ ಎಂದರು. ಎರಡನೆಯ ಕಡೆಯ ಡಾಕ್ಟರು ಆ ‘ಪೂರ್ತಿ’ಯನ್ನು ಒಪ್ಪಲಿಲ್ಲ. ಹೋಗುವುದಿಲ್ಲ, ಕಡಿಮೆಯಾಗುತ್ತದೆ ಎಂದರು.

ಅವರು ಹೇಳಿದ್ದೇ ನಿಜ. ಗಾಯ ಮುಚ್ಚಲು ದೇಹ ಅವಸರದಲ್ಲಿ ಹೆಣೆಯುವ ಕೊಲಾಜೆನ್ ನಾರಿಗೆ ಮೂಲ ಚರ್ಮದ ನೇಯ್ಗೆ ಬರುವುದಿಲ್ಲ. ಬಲವೂ ಅಷ್ಟೇ, ಹೆಚ್ಚೆಂದರೆ ಮೊದಲಿನ ಶೇ. 80ರಷ್ಟು. ಚಿಕಿತ್ಸೆಯೂ ಎಲ್ಲ ಕಲೆಗೂ ಒಂದೇ ಅಲ್ಲ. ಕಿರಿದಾದ ಆಳದ ಗುಂಡಿಗೆ ಟಿಸಿಎ ಆಮ್ಲದ ಹನಿ ಇಡುತ್ತಾರೆ. ಒಳಗಿನ ನಾರು ಕೆಳಕ್ಕೆ ಜಗ್ಗಿ ಹಿಡಿದ ತಗ್ಗಾದರೆ ಸೂಜಿ ಹಾಕಿ ಆ ನಾರನ್ನು ಬಿಡಿಸುತ್ತಾರೆ, ಅದಕ್ಕೆ ಸಬ್‌ಸಿಷನ್ ಎಂದು ಹೆಸರು. 2004ರಲ್ಲಿ ಮೊದಲು ವಿವರಿಸಲಾದ ಫ್ರ್ಯಾಕ್ಷನಲ್ ಲೇಸರ್ ಚರ್ಮವನ್ನೆಲ್ಲ ಸುಡದೆ ಸೂಜಿಮೊನೆಯಷ್ಟು ಜಾಗಗಳನ್ನು ಮಾತ್ರ ಸುಡುತ್ತದೆ. ನಡುವೆ ಉಳಿದ ಚರ್ಮ ಅವನ್ನು ಬೇಗ ತುಂಬಿಸುತ್ತದೆ. ಆದರೆ ನಮ್ಮ ಕಂದು ಚರ್ಮಕ್ಕೆ ಶಾಖ ಹೆಚ್ಚಾದರೆ ತಗ್ಗು ತುಂಬಿದರೂ ಮೇಲೆ ಕಪ್ಪು ಕೂರುತ್ತದೆ, ತಿಂಗಳುಗಟ್ಟಲೆ ಹೋಗುವುದಿಲ್ಲ. ಆದ್ದರಿಂದ ಮೊದಲು ಸಬ್‌ಸಿಷನ್, ಆಮೇಲೆ ಚಿಕ್ಕ ಜಾಗದಲ್ಲಿ ಲೇಸರ್ ಪರೀಕ್ಷೆ, ದಿನವೂ ಸನ್‌ಸ್ಕ್ರೀನ್ ಎಂದು ಬರೆದುಕೊಟ್ಟರು.

ಜೊತೆಗೆ ಬಂದಿದ್ದ ಅಪ್ಪ ಫೈಲು ತೆಗೆದುಕೊಳ್ಳಲು ಕೈ ಚಾಚಿದಾಗ ಡಾಕ್ಟರು ಆ ಕೈಯನ್ನೇ ನೋಡಿದರು. ಹೋಟೆಲಿನ ಅಡುಗೆಮನೆಯಲ್ಲಿ ವರ್ಷಗಳ ಹಿಂದೆ ಕಾದ ಎಣ್ಣೆ ಬಿದ್ದು, ಕಿರುಬೆರಳೂ ಉಂಗುರದ ಬೆರಳೂ ಅಂಗೈ ಕಡೆಗೆ ಮಡಚಿಕೊಂಡಿದ್ದವು. ಉಳಿದ ಮೂರು ಬೆರಳಲ್ಲೇ ಅವರು ದೋಸೆ ಮಗುಚುತ್ತಾರೆ. ಡಾಕ್ಟರು ಹಿಂದಿಯಲ್ಲಿ ಹೇಳಿದರು: ಸುಟ್ಟ ಗಾಯದ ಚರ್ಮ ಬಿಗಿದು ಬೆರಳನ್ನು ಎಳೆದಿದೆ. ಕ್ರೀಮಿನಿಂದ, ಲೇಸರಿನಿಂದ ಬಿಡುವುದಿಲ್ಲ. ಬಿಗಿದದ್ದನ್ನು ಕತ್ತರಿಸಿ ಬಿಡಿಸಿ, ಬೇಕಾದರೆ ಬೇರೆ ಕಡೆಯ ಚರ್ಮ ತಂದು ಕಸಿ ಮಾಡಬೇಕು. ಪ್ಲಾಸ್ಟಿಕ್ ಸರ್ಜನ್ ಹತ್ತಿರ ತೋರಿಸಿ.

ಇಪ್ಪತ್ತೇಳು ವರ್ಷದಲ್ಲಿ ಮನೆಯಲ್ಲಿ ಯಾರೂ ಅದನ್ನು ಕಲೆ ಎಂದಿರಲಿಲ್ಲ.

“ನನ್ ಕೈ ಯಾರ್ ಕಾಂತ್ರ್ ಮಗಾ? ಮೊದ್ಲ್ ನಿನ್ ಮುಖ ಸಮ ಆಯ್ಲಿ” ಎಂದರು ಅಪ್ಪ, ಮೆಟ್ಟಿಲಿಳಿಯುತ್ತ.

“ನೋವಿಲ್ಯಾ ಅಪ್ಪಯ್ಯ?” ಎಂದಳು.

“ಚಳಿಗೆ ಸ್ವಲ್ಪ.”

ಅವಳು ಪ್ಯಾಕೇಜಿಗೆಂದು ಇಟ್ಟಿದ್ದ ದುಡ್ಡನ್ನು ಎರಡು ಪಾಲು ಮಾಡಿದಳು. ಮೂರು ಸಲದ ಸಬ್‌ಸಿಷನ್ ಆದ ಮೇಲೆ ಕೆನ್ನೆಯ ತಗ್ಗುಗಳು ಎದುರಿನಿಂದ ಅಷ್ಟಾಗಿ ಕಾಣುವುದಿಲ್ಲ. ಬದಿಯಿಂದ ಬೆಳಕು ಬಿದ್ದರೆ ಈಗಲೂ ಕಾಣುತ್ತವೆ. ಅಪ್ಪನ ಪಾಲು ಬ್ಯಾಂಕಿನಲ್ಲೇ ಇದೆ. ಆಪರೇಷನ್ ಆದರೆ ವಾರಗಟ್ಟಲೆ ಕೈಗೆ ಪಟ್ಟಿ, ಆಮೇಲೆ ತಿಂಗಳುಗಟ್ಟಲೆ ವ್ಯಾಯಾಮ. ಅಷ್ಟು ದಿನ ಕಾವಲಿಯ ಮುಂದೆ ಬೇರೆಯವನು ನಿಂತರೆ ಆ ಜಾಗ ಮತ್ತೆ ಸಿಗುತ್ತದೋ ಇಲ್ಲವೋ ಎಂಬುದು ಅವರ ಲೆಕ್ಕ. ಮಳೆಗಾಲ ಕಳೆಯಲಿ ಎನ್ನುತ್ತಿದ್ದಾರೆ.