ಕಥೆಯ ಪಾತ್ರವೂ ಅದರ ಒಲವೂ

ಹೆಣ್ಣನ್ನು ಒಲಿದ ಗಂಡಸು ಕಥೆಯೊಳಗೆ ಬಂದಾಗ ಆತನ ಒಲವು ಎಂಥದೆಂದು ವಾಚಕರು ವಿಚಾರಿಸುವುದಿಲ್ಲ. ಆತನು ಸಾಲಗಾರನೋ, ಉದಾರಿಯೋ, ಮುಂಗೋಪಿಯೋ ಎಂಬುದನ್ನೇ ನೋಡುವರು. ಗಂಡಸನ್ನು ಒಲಿದ ಗಂಡಸು ಬಂದೊಡನೆ ಮಾತ್ರ ಉಳಿದ ಗುಣಗಳೆಲ್ಲ ಮರೆಗೆ ಸರಿದು, ಆ ಒಂದೇ ಸಂಗತಿಯು ಆತನ ಹೆಸರೂ ಕಸುಬೂ ಕುಲವೂ ಆಗಿಬಿಡುತ್ತದೆ. ನಗೆಗೊಂದು, ಮರುಕಕ್ಕೊಂದು, ಹೀಗೆ ಎರಡೇ ವೇಷಗಳು ಬಹುಕಾಲ ಇಂಥವನ ಪಾಲಿಗೆ ಬಂದುವು.

ಆ ವೇಷಗಳನ್ನು ಕಳಚಿದ ಕನ್ನಡ ಕೃತಿಗಳಲ್ಲಿ ಸಂಡೂರಿನ ವಸುಧೇಂದ್ರರ ‘ಮೋಹನಸ್ವಾಮಿ’ ಮುಖ್ಯವಾದುದು. ಅದು ಪ್ರಕಟವಾದುದು 2013ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ದಂಡಸಂಹಿತೆಯ 377ನೆಯ ಕಲಮನ್ನು ಎತ್ತಿಹಿಡಿಯಿತು. ವಯಸ್ಕರ ಸಮ್ಮತಿಯ ಸಂಬಂಧವು ಅಪರಾಧವಲ್ಲವೆಂಬ ತೀರ್ಪು ಬಂದುದು 2018ರ ಸೆಪ್ಟೆಂಬರ್ 6ರಂದು. ಅಂಥ ಕಾಲದಲ್ಲಿ ಒಲವನ್ನೇ ಕಥೆಯ ನಡುಮನೆಯಲ್ಲಿ ಕುಳ್ಳಿರಿಸದೆ ಗತಿಯಿರಲಿಲ್ಲ. ಆದರೂ ಅದೇ ಸಂಕಲನದಲ್ಲಿ ಮೋಹನಸ್ವಾಮಿಯು ಕಿಲಿಮಂಜಾರೋ ಪರ್ವತವನ್ನು ಏರಹೊರಟಾಗ ವಾಚಕನಿಗೆ ಆತನ ಕಾಲ್ಬಲದ ಚಿಂತೆಯೇ ಹತ್ತುತ್ತದೆ.

ಆ ನಾಯಕನು ಬೆಂಗಳೂರಿನ ಉದ್ಯೋಗಸ್ಥ. ಮಹಾನಗರದಲ್ಲಿ ಯಾರೂ ಅರಿಯದಂತೆ ಬಾಳುವ ಸೌಕರ್ಯವುಂಟು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಸಂತೆಯಲ್ಲಿ ಯಾರ ಮಗನೆಂದು ಕೇಳದೆ ಯಾರೂ ಮಾತು ಬೆಳೆಸರು. ಇದು ಬಾಳುವವನಿಗೆ ಇಕ್ಕಟ್ಟು. ಬರೆಯುವವನಿಗೆ ಮಾತ್ರ, ವಿಚಿತ್ರವೆನಿಸಿದರೂ, ಉಪಕಾರ. ಇಲ್ಲಿ ಒಬ್ಬನು ಒಂದೇ ಗುಣದ ಮನುಷ್ಯನಾಗಿ ಇರುವುದೇ ಸಾಧ್ಯವಿಲ್ಲ.

ಸವಣೂರಿನ ವೀಳ್ಯದೆಲೆಯ ತೋಟದವನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಬಾವಿಯ ನೀರು ತಳ ಕಂಡಿದೆ, ಅಣ್ಣನೊಡನೆ ಪಾಲಿನ ತಕರಾರು ಹತ್ತಿದೆ, ತಾಯಿಯ ಕಣ್ಣು ಮಂದವಾಗಿದೆ. ಕಥೆಯು ಈ ಬಾವಿಯದು. ಆದರೆ ವಾರಕ್ಕೊಮ್ಮೆ ಆತನು ಎಳೆಯೆಲೆಯ ಕಟ್ಟೊಂದನ್ನು ಮಾರದೆ ತೆಗೆದಿರಿಸುವನು. “ಯಾರಿಗಪಾ ಅದು?” ಎಂದು ತಾಯಿ ಕೇಳಿದರೆ, “ಹಾನಗಲ್ಲ ಮಾಸ್ತರಿಗವಾ” ಎನ್ನುವನು. ಆಕೆ ಎರಡನೆಯ ಸಲ ಕೇಳಳು. ಮುಂದೆ ಪಂಚರೆದುರಿಗೆ ಅಣ್ಣನು, “ಹೆಂಡತಿಲ್ಲ, ಮಕ್ಕಳಿಲ್ಲ, ನಿನಗ್ಯಾಕ ಬಾವಿ?” ಎಂದು ಬಿಡುವನು. ಅಲ್ಲಿಯವರೆಗೆ ಓರೆಗೆ ನಿಂತಿದ್ದ ಒಲವು ಆಗ ನೀರಿನ ಹಕ್ಕಿನೊಳಗೇ ಬಂದು ನಿಲ್ಲುವುದು. ಆತನು ಬಾಯಿ ತೆರೆದರೆ ಮಾಸ್ತರನ ಮಾನ ಹೋದೀತು, ತೆರೆಯದಿದ್ದರೆ ತೋಟ.

ಒಲವು ಪ್ರಧಾನವಲ್ಲವೆಂಬ ನೆವದಿಂದ ಆ ಎಲೆಯ ಕಟ್ಟನ್ನೇ ಹೊಡೆದುಹಾಕುವ ಜಾಣರೂ ಇಲ್ಲದಿಲ್ಲ. ಹಾಗೆ ಮಾಡಿದರೆ ಮನೆಮಂದಿಯೆಲ್ಲ ಸಂಕೋಚವಿಲ್ಲದೆ ಓದಬಹುದು, ನಿಜ. ಆದರೆ ಆ ಮನೆಮಂದಿಯಲ್ಲಿಯೇ ಮೂಲೆಯಲ್ಲಿ ಕುಳಿತು ಓದುವ ಹುಡುಗನೊಬ್ಬನಿರಬಹುದು. ಅವನು ಪುಟ ತಿರುವುತ್ತ ಹುಡುಕುವುದು ಆ ಕಟ್ಟನ್ನೇ.

ಇನ್ನು ಪಂಚಾಯಿತಿ ಮುಗಿದ ಸಂಜೆ ಮಾಸ್ತರನು ಸವಣೂರಿಗೆ ಬಂದನೆನ್ನೋಣ. ತಾಯಿ ಆತನಿಗೆ ಪಡಸಾಲೆಯಲ್ಲಿ ಚಹಾ ಕೊಟ್ಟು ಕಳಿಸುವಳೋ, ಒಳಗೆ ಕರೆದು ಮಗನ ಪಕ್ಕದಲ್ಲಿ ತಾಟು ಇಡುವಳೋ ಎಂಬುದನ್ನು ಕಥೆಗಾರನು ಬರೆಯಲೇಬೇಕಾಗುವುದು.