ಕೊರತೆ ಯಾರದು?

ಮದುವೆಯಾಗಿ ಆರು ವರ್ಷ ಕಳೆದರೂ ನಮ್ಮ ಮನೆಯಲ್ಲಿ ತೊಟ್ಟಿಲು ಕಟ್ಟಲಿಲ್ಲ. ತಾಯಿಯವರು ಸೊಸೆಯಿಂದ ನಾಗಪ್ರತಿಷ್ಠೆ, ಅಶ್ವತ್ಥಪ್ರದಕ್ಷಿಣೆ ಎಲ್ಲವನ್ನೂ ಮಾಡಿಸಿದರು. ನೆರೆಹೊರೆಯವರು ಸೀಮಂತಗಳಿಗೆ ಆಕೆಯನ್ನು ಕರೆಯುವುದನ್ನೇ ಬಿಟ್ಟರು. ನಾನು ಮಾತ್ರ ನಿಶ್ಚಿಂತನಾಗಿ ಉಂಡು ಕಚೇರಿಗೆ ಹೋಗುತ್ತಿದ್ದೆನು. ಕೊನೆಗೊಬ್ಬ ವೈದ್ಯರು, “ಇಷ್ಟು ವರ್ಷ ಆಕೆಯನ್ನೇ ಪರೀಕ್ಷಿಸಿದಿರಿ, ನಿಮ್ಮನ್ನು ಯಾರಾದರೂ ನೋಡಿರುವರೆ?” ಎಂದಾಗ ನನ್ನ ತಲೆ ತಗ್ಗಿತು.

ದೋಷವು ನನ್ನಲ್ಲಿದ್ದಿತು. ವೃಷಣದಿಂದ ರಕ್ತವನ್ನು ಮೇಲಕ್ಕೊಯ್ಯುವ ಸಿರೆಗಳು ಉಬ್ಬಿ ಸುರುಳಿಗೊಂಡಿದ್ದವು. ವೇರಿಕೋಸೀಲ್ ಎಂಬ ಈ ವಿಕಾರವು ನೂರು ಗಂಡಸರಲ್ಲಿ ಸುಮಾರು 15 ಮಂದಿಗುಂಟು. ಸಂತಾನಕ್ಕಾಗಿ ವೈದ್ಯರಲ್ಲಿಗೆ ಬರುವವರಲ್ಲಾದರೋ ಮೂವರಲ್ಲೊಬ್ಬನಿಗೆ. ಎಡಗಡೆಯ ಸಿರೆಯು ಮೂತ್ರಪಿಂಡದ ಸಿರೆಯನ್ನು ಲಂಬವಾಗಿ ಸೇರುವುದರಿಂದ ಆ ಕಡೆಯೇ ಹೆಚ್ಚು. ನಿಂತ ರಕ್ತದ ಕಾವಿಗೆ ವೀರ್ಯಾಣುಗಳು ಕುಗ್ಗುವುವು. 1952ರಲ್ಲಿ ಎಡಿನ್‌ಬರೋ ನಗರದ ಟುಲಕ್ ಎಂಬ ಶಸ್ತ್ರವೈದ್ಯರು, ವೀರ್ಯಾಣುವೇ ಇಲ್ಲದಿದ್ದವನೊಬ್ಬನು ಈ ಚಿಕಿತ್ಸೆಯ ಬಳಿಕ ತಂದೆಯಾದುದನ್ನು ಪ್ರಕಟಿಸಿದ ಮೇಲೆ ಇದು ರೂಢಿಗೆ ಬಂದಿತು.

ನನಗೂ ತೊಡೆಸಂದಿನ ಮೇಲೆ ಸಣ್ಣದೊಂದು ಗಾಯಮಾಡಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತ, ಧಮನಿಯನ್ನುಳಿಸಿ ಸಿರೆಗಳನ್ನು ಕಟ್ಟಿದರು. ಹೊಸ ವೀರ್ಯಾಣು ಸಿದ್ಧವಾಗಲು ಎರಡೂವರೆ ತಿಂಗಳು ಬೇಕಾದುದರಿಂದ ಮೂರು ತಿಂಗಳು ಕಾಯಬೇಕೆಂದರು. ಮಗುವಾಗಿಯೇ ತೀರುವುದೆಂದು ಮಾತ್ರ ಹೇಳಲಿಲ್ಲ.

ಮನೆಗೆ ಬಂದ ರಾತ್ರಿ ತಾಯಿಯವರು ಇನ್ನೊಂದು ವ್ರತದ ಮಾತೆತ್ತಿದರು. “ಅಮ್ಮಾ, ಕೊರತೆ ಅವಳದಲ್ಲ, ನನ್ನದು” ಎಂದೆನು. ಶಸ್ತ್ರಕ್ಕಿಂತಲೂ ಆ ಮಾತೇ ಕಷ್ಟವಾಯಿತು. ಅಡಿಗೆಯ ಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತು.

ಮೂರು ತಿಂಗಳ ಮೇಲೆ ಎಣಿಕೆ ಏರಿದೆಯೆಂದು ವೈದ್ಯರು ಹೇಳಿದರು. ಮಗು ಇನ್ನೂ ಬಂದಿಲ್ಲ. ಆದರೆ ಕಳೆದ ವಾರ ನೆರೆಮನೆಯ ಸೀಮಂತಕ್ಕೆ ತಾಯಿಯವರೇ ಸೊಸೆಯನ್ನು ಕೈಹಿಡಿದು ಕರೆದೊಯ್ದರು.